ತರಗತಿಯಲ್ಲಿ ನಾಲ್ಕು ವರ್ಷ ಎಲ್‌ಇಡಿ ಪ್ಯಾನೆಲ್: ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದು

ನಮ್ಮ ತರಗತಿಯ ಹಳೇ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಪ್ಯಾನೆಲ್ ಹಾಕಿಸಿ ನಾಲ್ಕು ವರ್ಷ ಆಯಿತು. ಎರಡಡಿ ಚೌಕದ, 36 ವ್ಯಾಟಿನ ಒಂಬತ್ತು ಪ್ಯಾನೆಲ್‌ಗಳು. ಬೆಳಕಿನ ಬಣ್ಣ 4000 ಕೆಲ್ವಿನ್, ಅಂದರೆ ತೀರಾ ಹಳದಿಯೂ ಅಲ್ಲ, ತೀರಾ ನೀಲಿಯೂ ಅಲ್ಲದ ಬಿಳಿ. ಕೋಣೆ 7 ಮೀಟರ್ ಉದ್ದ, 6 ಮೀಟರ್ ಅಗಲ. ನಾನು ಅಲ್ಲಿ ದಿನಕ್ಕೆ ಐದಾರು ಗಂಟೆ ಪಾಠ ಮಾಡುತ್ತೇನೆ. ಹೊಸದಾಗಿ ಹಾಕಿದ ವಾರದಲ್ಲಿ ಎಲ್ಲ ಲೈಟೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಷ್ಟು ದಿನ ಕಾದು ಈಗ ಬರೆಯುತ್ತಿದ್ದೇನೆ.

ಮೊದಲು ಸಿಕ್ಕಿದ ಲಾಭ ಹೇಳಿಬಿಡುತ್ತೇನೆ. ಹಳೇ ಟ್ಯೂಬ್‌ಗಳಿದ್ದಾಗ ಹಿಂದಿನ ಮೂಲೆಯ ಡೆಸ್ಕಿನ ಮೇಲೆ ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅಂತ ಅಳೆಯುವ ಸಾಧನ) ಇಟ್ಟರೆ 180 ಲಕ್ಸ್ ತೋರಿಸುತ್ತಿತ್ತು. ಪ್ಯಾನೆಲ್ ಬಂದ ಮೇಲೆ ಅದೇ ಜಾಗದಲ್ಲಿ 410, ಕೋಣೆಯ ನಡುವೆ 520. ಒಳಾಂಗಣದ ಬೆಳಕಿಗೆ ಯುರೋಪಿನಲ್ಲಿರುವ ಇಎನ್ 12464-1 ಮಾನದಂಡ ತರಗತಿಯ ಡೆಸ್ಕಿಗೆ ಮೊದಲು 300 ಲಕ್ಸ್ ಕೇಳುತ್ತಿತ್ತು, 2021ರಲ್ಲಿ ಅದನ್ನು 500ಕ್ಕೆ ಏರಿಸಿದರು. ಅದರ ಲೆಕ್ಕಕ್ಕೆ ನಮ್ಮ ಮೂಲೆ ಇನ್ನೂ ಸ್ವಲ್ಪ ಹಿಂದೆಯೇ. ಆದರೂ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದುತ್ತಿದ್ದ ಮಕ್ಕಳು ಅದನ್ನು ಡೆಸ್ಕಿನ ಮೇಲೆ ಇಟ್ಟು ಓದಲು ಶುರು ಮಾಡಿದರು. ನನಗೆ ಅಷ್ಟು ಸಂತೋಷ ಕೊಟ್ಟ ಬದಲಾವಣೆ ಬೇರೆ ಇಲ್ಲ.

ನಾನು ತಪ್ಪಿದ್ದು ಬೋರ್ಡಿನ ವಿಷಯದಲ್ಲಿ. ಚಾವಣಿಯ ಪ್ಯಾನೆಲ್ ಬೆಳಕನ್ನು ಕೆಳಕ್ಕೆ ಸುರಿಯುತ್ತದೆ, ಡೆಸ್ಕಿಗೆ ಅದು ಸರಿ. ಬೋರ್ಡು ಗೋಡೆಗೆ ಅಂಟಿಕೊಂಡು ನೇರವಾಗಿ ನಿಂತಿರುತ್ತದೆ, ಅದಕ್ಕೆ ಸಿಗುವುದು ಕಡಿಮೆ. ನಮ್ಮ ಬೋರ್ಡಿನ ಮೇಲೆ ಅಳೆದಾಗ ಬರೀ 190 ಲಕ್ಸ್ ಇತ್ತು. ಬೋರ್ಡಿಗೆ 500 ಬೇಕು ಅನ್ನುತ್ತದೆ ಅದೇ ಮಾನದಂಡ. ಇಡೀ ಒಂದು ವರ್ಷ ನನಗೆ ಇದು ಗೊತ್ತೇ ಆಗಲಿಲ್ಲ. ಬೋರ್ಡಿನ ಪಕ್ಕದಲ್ಲೇ ನಿಂತವಳಿಗೆ ಹೇಗೆ ಗೊತ್ತಾಗಬೇಕು? ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೊನೆಯ ಬೆಂಚಿನಲ್ಲಿ ಕೂತೆ. ಮಕ್ಕಳ ಕಣ್ಣಿನ ಎತ್ತರಕ್ಕೆ ತಲೆ ತಗ್ಗಿಸಿ ನೋಡಿದೆ. ಬೋರ್ಡು ಮಬ್ಬು, ಅದರ ಮೇಲುಗಡೆ ಎರಡು ಪ್ಯಾನೆಲ್‌ಗಳು ಕಣ್ಣಿಗೆ ಚುಚ್ಚುವ ಹಾಗೆ ಬೆಳಗುತ್ತಿದ್ದವು. ಅಕ್ಷರಕ್ಕಿಂತ ಲೈಟೇ ಮೊದಲು ಕಾಣುತ್ತಿತ್ತು. ಮಕ್ಕಳು ಅದನ್ನೇ ದಿನವಿಡೀ ನೋಡುತ್ತಿದ್ದರು ಅಂತ ತಿಳಿದು ಬಹಳ ಬೇಸರವಾಯಿತು.

ಆಮೇಲೆ ಬೋರ್ಡಿನ ಮುಂದೆ ಚಾವಣಿಗೆ ಒಂದು ಉದ್ದನೆಯ ಲೈಟ್ ಹಾಕಿಸಿದೆವು. ಅದರ ಬೆಳಕು ಬೋರ್ಡಿನ ಕಡೆಗೆ ಮಾತ್ರ ಓರೆಯಾಗಿ ಬೀಳುತ್ತದೆ. ಬಿಳಿ ಬೋರ್ಡು ಇರುವವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅದರ ನುಣುಪಿನಲ್ಲಿ ಲೈಟಿನ ಪ್ರತಿಬಿಂಬ ಮೂಡಿ, ಒಂದು ಪಟ್ಟಿಯಷ್ಟು ಬರಹ ಕಾಣದೇ ಹೋಗುತ್ತದೆ. ನಮಗೆ ಲೈಟನ್ನು ಎರಡು ಸಲ ಜರುಗಿಸಬೇಕಾಯಿತು. ಪ್ರತಿ ಸಲವೂ ಬೇರೆ ಬೇರೆ ಬೆಂಚಿನಲ್ಲಿ ಕೂತು ನೋಡಿದೆ. ಕಿಟಕಿ ಪಕ್ಕದ ಬೆಂಚಿನಿಂದ ಸರಿ ಕಂಡದ್ದು ಬಾಗಿಲ ಪಕ್ಕದ ಬೆಂಚಿನಿಂದ ಸರಿ ಇರಲಿಲ್ಲ. ಬೋರ್ಡಿನ ಹತ್ತಿರದ ಆ ಎರಡು ಪ್ಯಾನೆಲ್‌ಗಳಿಗೆ ಹಾಲುಬಣ್ಣದ ಹಾಳೆ ತೆಗೆದು, ಸಣ್ಣ ಸಣ್ಣ ಪ್ರಿಸಂಗಳಿರುವ ಡಿಫ್ಯೂಸರ್ ಹಾಕಿಸಿದೆವು. ಅದು ಓರೆಯಾಗಿ ಕಣ್ಣಿಗೆ ಬರುವ ಬೆಳಕನ್ನು ತಗ್ಗಿಸುತ್ತದೆ. ಕೊಳ್ಳುವಾಗ ಯುಜಿಆರ್ 19 ಅಥವಾ ಅದಕ್ಕಿಂತ ಕಡಿಮೆ ಅಂತ ಇದೆಯಾ ನೋಡಿ. ಕಣ್ಣು ಕುಕ್ಕುವುದನ್ನು ಅಳೆಯುವ ಸಂಖ್ಯೆ ಅದು, ತರಗತಿಗೆ ಅಷ್ಟೇ ಮಿತಿ. ನಾನು ಮೊದಲ ಸಲ ವ್ಯಾಟ್ ಮತ್ತು ಲ್ಯೂಮೆನ್ (ಲೈಟ್ ಕೊಡುವ ಒಟ್ಟು ಬೆಳಕು) ಮಾತ್ರ ನೋಡಿದ್ದೆ.

ಮೂರನೇ ವರ್ಷದಲ್ಲಿ ಎರಡು ಪ್ಯಾನೆಲ್ ಆರಿಹೋದವು. ಎಲ್‌ಇಡಿಗೆ ಏನೂ ಆಗಿರಲಿಲ್ಲ, ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ತಕ್ಕ ಹಾಗೆ ಬದಲಿಸಿ ಕೊಡುವ ಸಣ್ಣ ಸಾಧನ, ಸುಟ್ಟಿತ್ತು. ಪೆಟ್ಟಿಗೆ ಮೇಲೆ 50,000 ಗಂಟೆ ಅಂತ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಎಲ್‌ಇಡಿಯ ಬೆಳಕು 70 ಶೇಕಡಕ್ಕೆ ಇಳಿಯುವ ಹೊತ್ತಿನ ಲೆಕ್ಕ. ಡ್ರೈವರಿನೊಳಗಿನ ಕೆಪಾಸಿಟರ್ ಎಂಬ ಬಿಡಿಭಾಗ ಬಿಸಿಗೆ ಒಣಗಿ ಅದಕ್ಕಿಂತ ಎಷ್ಟೋ ಮೊದಲೇ ಕೈಕೊಡುತ್ತದೆ. ಅದೇ ಕಂಪನಿಯ ಡ್ರೈವರ್ ಸಿಗಲಿಲ್ಲ, ಎಲೆಕ್ಟ್ರಿಷಿಯನ್ ಬೇರೆ ಯಾವುದೋ ಹಾಕಿ ಹೋದರು. ಲೈಟ್ ಬಂತು, ನಾನು ಸುಮ್ಮನಾದೆ.

ಎರಡು ವಾರ ಕಳೆದ ಮೇಲೆ ಒಬ್ಬ ಹುಡುಗಿ, "ಮಿಸ್, ಇಲ್ಲಿ ಕೂತ್ರೆ ತಲೆ ನೋಯುತ್ತೆ" ಅಂದಳು. ಅವಳ ಜಾಗ ಆ ಹೊಸ ಡ್ರೈವರಿನ ಪ್ಯಾನೆಲ್ ಕೆಳಗೇ ಇತ್ತು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆದು ನೋಡಿದೆ. ಉಳಿದ ಏಳು ಪ್ಯಾನೆಲ್ ನಿಂತ ನೀರಿನ ಹಾಗಿದ್ದವು, ಆ ಎರಡು ಮಾತ್ರ ಪಟಪಟ ಮಿಣುಕುತ್ತಿದ್ದವು. 50 ಹರ್ಟ್ಸ್ ಕರೆಂಟಿನಲ್ಲಿ ಕಳಪೆ ಡ್ರೈವರ್ ಇದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಅದು ತೊಂದರೆ ಕೊಡುತ್ತದೆ. ಹಳೇ ಚೋಕಿನ ಟ್ಯೂಬ್‌ಲೈಟಿನ ಕಥೆಯೂ ಇದೇ. ಬ್ರಿಟನ್ನಿನಲ್ಲಿ ಸಂಶೋಧಕ ಅರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಕಚೇರಿಯೊಂದರಲ್ಲಿ ಚೋಕ್ ಬದಲಿಸಿ, ಮಿಣುಕದ ಟ್ಯೂಬ್‌ಲೈಟ್ ಕೊಟ್ಟು ನೋಡಿದರು. ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕೆಳಗಿಳಿದವು. 1989ರಲ್ಲೇ ಅದನ್ನು ಪ್ರಕಟಿಸಿದ್ದಾರೆ. ಆ ಹುಡುಗಿ ಹೇಳದಿದ್ದರೆ ನಾನು ಇದನ್ನೆಲ್ಲ ಹುಡುಕುತ್ತಲೇ ಇರಲಿಲ್ಲ. ಮಕ್ಕಳು ತಲೆನೋವು ಅಂದಾಗ ಪಾಠ ತಪ್ಪಿಸಲು ನೆಪ ಅಂತ ತಳ್ಳಿಹಾಕಬೇಡಿ, ಒಮ್ಮೆ ಮೇಲೆ ನೋಡಿ. ಡ್ರೈವರ್ ಬದಲಿಸಿದ ಮೇಲೆ ಅವಳ ದೂರು ನಿಂತಿತು.

ಸ್ವಿಚ್‌ಗಳ ಬಗ್ಗೆಯೂ ಒಂದು ಮಾತು. ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್ ಇರಲೇಬೇಕು. ನಮ್ಮಲ್ಲಿ ಒಂದೊಂದು ಸ್ವಿಚ್ಚಿನ ಸಾಲನ್ನೂ ಕಿಟಕಿಯಿಂದ ಒಳಗಿನ ಗೋಡೆಯ ಕಡೆಗೆ ಅಡ್ಡಡ್ಡ ಜೋಡಿಸಿದ್ದರು. ಹಾಗಾಗಿ ಬಿಸಿಲಿದ್ದ ದಿನವೂ ಒಳಗಿನ ಡೆಸ್ಕಿಗೋಸ್ಕರ ಎಲ್ಲವನ್ನೂ ಉರಿಸುತ್ತಿದ್ದೆವು. ರಜೆಯಲ್ಲಿ ವೈರಿಂಗ್ ತಿರುಗಿಸಿದ ಮೇಲೆ ಬೆಳಿಗ್ಗೆ ಆ ಸಾಲು ಆರಿಸಿಯೇ ಇರುತ್ತದೆ.

ಧೂಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೋದ ತಿಂಗಳು ಅಳೆದಾಗ ನಡುವಿನ ಡೆಸ್ಕಿನಲ್ಲಿ 430 ಇತ್ತು. ಪ್ಯಾನೆಲ್‌ಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ 480 ಆಯಿತು.

ಪೆಟ್ಟಿಗೆಯ ಮೇಲೆ "ಕಣ್ಣಿಗೆ ರಕ್ಷಣೆ" ಅಂತ ದೊಡ್ಡದಾಗಿ ಬರೆದಿತ್ತು. ಅದನ್ನು ನಂಬಿ ಆಟದ ಪೀರಿಯಡ್ ಕಡಿಮೆ ಮಾಡಬೇಡಿ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಫಲಿತಾಂಶ 2015ರಲ್ಲಿ ಬಂತು. ಹೊರಗೆ ಬಿಟ್ಟವರಲ್ಲಿ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಬ್ಬಾಗಿ ಕಾಣುವ ದೋಷ) ಬಂದದ್ದು ಶೇಕಡ 30.4, ಉಳಿದವರಲ್ಲಿ 39.5. ಮರದ ನೆರಳಿನಲ್ಲೂ ಹಗಲಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ನಮ್ಮ ಒಂಬತ್ತು ಪ್ಯಾನೆಲ್ ಸೇರಿದರೂ 500ರ ಆಸುಪಾಸು, ಅಲ್ವಾ?

ಮತ್ತೆ ಇದೇ ಪ್ಯಾನೆಲ್ ಕೊಳ್ಳುತ್ತೇನಾ ಅಂದರೆ, ಹೌದು. ಆದರೆ ಬೋರ್ಡಿನ ಲೈಟನ್ನು ಮೊದಲ ದಿನವೇ ಹಾಕಿಸುತ್ತೇನೆ. ಅದೇ ಕಂಪನಿಯ ಎರಡು ಡ್ರೈವರ್ ಹೆಚ್ಚಿಗೆ ತಂದು ಬೀರುವಿನಲ್ಲಿ ಇಟ್ಟುಕೊಳ್ಳುತ್ತೇನೆ. ಆ ಹುಡುಗಿ ಈ ವರ್ಷ ಮುಂದಿನ ತರಗತಿಗೆ ಹೋಗಿದ್ದಾಳೆ. ಅಲ್ಲಿ ಇನ್ನೂ ಹಳೇ ಚೋಕಿನ ಟ್ಯೂಬ್‌ಗಳೇ ಇವೆ. ಮೊಬೈಲಿನಲ್ಲಿ ತೆಗೆದ ಆ ವಿಡಿಯೊವನ್ನು ಶಾಲೆಯ ಮೀಟಿಂಗ್‌ನಲ್ಲಿ ತೋರಿಸಿದ್ದೇನೆ. ಬರುವ ರಜೆಯಲ್ಲಿ ಆ ಕೋಣೆಯದ್ದನ್ನೂ ಬದಲಿಸೋಣ ಅಂದಿದ್ದಾರೆ.