ಸೊಳ್ಳೆ ಮಷೀನ್ ಪಕ್ಕ ಶ್ರಿಂಪ್ ಟ್ಯಾಂಕ್ ಇಟ್ಟು ನಾನು ಕೆಟ್ಟೆ

ಕಲಬುರಗಿಯ ಬೇಸಿಗೆಯನ್ನೇ ದಾಟಿಸಿದ್ದ ಅರವತ್ತು ಚೆರ್ರಿ ಶ್ರಿಂಪ್‌ಗಳಲ್ಲಿ (ಟ್ಯಾಂಕಿನಲ್ಲಿ ಸಾಕುವ ಪುಟ್ಟ ಸೀಗಡಿ) ಹೆಚ್ಚುಕಮ್ಮಿ ಎಲ್ಲವನ್ನೂ ಮಳೆಗಾಲದ ಎರಡೇ ರಾತ್ರಿಯಲ್ಲಿ ಕಳಕೊಂಡೆ. ತಪ್ಪು ನಂದೇ. ಮಲಗೋ ಕೋಣೆಯಲ್ಲಿ ಟ್ಯಾಂಕ್ ಇಟ್ಟಿದ್ದರೆ, ಓದೋದಕ್ಕೆ ಮೊದಲು ಎದ್ದು ಹೋಗಿ ನಿಮ್ಮ ಏರ್ ಪಂಪ್ ಎಲ್ಲಿದೆ ನೋಡಿ ಬನ್ನಿ.

ಹೈದರಾಬಾದಿನಿಂದ ಹತ್ತು ತಂದಿದ್ದೆ. ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲದ ಕೆಂಪು ಸೀಗಡಿಗಳು. ನಮ್ಮ ಕಡೆ ಜಿಂಗಾ ಅಂದ್ರೆ ತಿನ್ನೋ ಸಾಮಾನು. ಬಂದವರೆಲ್ಲ "ಕರಿಯೋದು ಯಾವಾಗ?" ಅಂತಲೇ ಕೇಳೋರು. ನಮ್ಮ ಬೋರ್‌ವೆಲ್ ನೀರು ಬಕೆಟ್‌ಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು, ಆದರೂ ಇವಕ್ಕೆ ಒಗ್ಗಿತು. ಚಿಪ್ಪು ಕಟ್ಟಿಕೊಳ್ಳಲು ಸುಣ್ಣದ ಅಂಶ ಬೇಕಲ್ವಾ. ಹೆಣ್ಣುಗಳು ಹೊಟ್ಟೆಯಡಿ ಹಳದಿ ಮೊಟ್ಟೆ ಹೊತ್ತು, ಪುಟ್ಟ ಕಾಲುಗಳಿಂದ ಗಾಳಿ ಹಾಕಿದಂತೆ ಸದಾ ಬೀಸುತ್ತಾ ಕೂರುತ್ತಿದ್ದವು. ಮೂರು ವಾರ ಕಳೆದರೆ ಮರಿ. ಅಕ್ಕಿನುಚ್ಚಿಗಿಂತ ಸಣ್ಣ, ಆದರೆ ತಾಯಿಯದೇ ಅಚ್ಚು.

ಕಷ್ಟ ಇದ್ದದ್ದು ಬಿಸಿಲಿನದು. 22ರಿಂದ 26 ಡಿಗ್ರಿ ನೀರಿನಲ್ಲಿ ಇವು ಆರಾಮಾಗಿರುತ್ತವೆ. ಇಲ್ಲಿ ಮೇ ತಿಂಗಳಲ್ಲಿ ಹೊರಗೆ 42-43. ನೀರು ಕಾದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ. ಅದಕ್ಕೇ ಟ್ಯಾಂಕನ್ನು ಕೂಲರ್ ಇರುವ ಮಲಗೋ ಕೋಣೆಗೆ ತಂದೆ, ಇನ್ನೊಂದು ಏರ್ ಪಂಪ್ ಹಾಕಿದೆ. ಮಧ್ಯಾಹ್ನ ಐಸ್ ಗಟ್ಟಿಸಿದ ಸಣ್ಣ ಬಾಟಲಿ ತೇಲಿಬಿಡುತ್ತಿದ್ದೆ. ಒಂದೂ ಸಾಯಲಿಲ್ಲ. ಆ ಜಂಬ ಬೇರೆ ನನಗೆ.

ಆಗಸ್ಟ್‌ನಲ್ಲಿ ಮಳೆ ಹಿಡಿಯಿತು. ಕಿಟಕಿ, ಬಾಗಿಲು ಎಲ್ಲ ಬಂದ್. "ಈ ಸೊಳ್ಳ್ಯಾಗ ಹ್ಯಾಂಗ ಮಲ್ಕೋಬೇಕೋ?" ಅಂತ ಅವ್ವ ಬೈದಳು. ಹಾಲ್‌ನಲ್ಲಿದ್ದ ಸೊಳ್ಳೆ ಮಷೀನ್ ತಂದು ಕೋಣೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದೆ. ಏರ್ ಪಂಪ್ ಕೂಡ ಅದೇ ಬೋರ್ಡಿನಲ್ಲಿ, ಒಂದು ಗೇಣು ದೂರ. ಸಾಲದ್ದಕ್ಕೆ ಮಂಚದ ಕೆಳಗೆ ಸ್ಪ್ರೇನೂ ಹೊಡೆದೆ. ಎರಡು ರಾತ್ರಿ ಹೀಗೇ.

ಎರಡನೇ ಬೆಳಗ್ಗೆ ಲೈಟ್ ಹಾಕಿ ನೋಡಿದರೆ ಕೆಲವು ಹುಚ್ಚು ಹಿಡಿದ ಹಾಗೆ ಗಾಜಿಗೆ ಗುದ್ದಿಕೊಂಡು ಸುತ್ತುತ್ತಿದ್ದವು. ಉಳಿದವು ಅಂಗಾತ ಬಿದ್ದಿದ್ದವು, ಕಾಲು ಮಾತ್ರ ಪಟಪಟ ಅಂತ ನಡುಗುತ್ತಿತ್ತು. ಮೊದಲು ಪೊರೆ ಕಳಚಿರಬೇಕು ಅಂದುಕೊಂಡೆ. ಕಳಚಿದ ಪೊರೆ ಗಾಜಿನ ಹಾಗೆ ಆರಪಾರ ಕಾಣುತ್ತದೆ. ಇವು ಬೆಂದ ಸೀಗಡಿಯ ಹಾಗೆ ಮಬ್ಬು ಗುಲಾಬಿಗೆ ತಿರುಗಿದ್ದವು.

ಅವತ್ತು ಆಳಂದ ಕಡೆಯಿಂದ ಕಾಕಾ ಬಂದಿದ್ದರು. ತೊಗರಿ ಬೆಳೆಯೋರು. ಬಗ್ಗಿ ನೋಡಿ, "ಕಾಯಿಕೊರಕಕ್ಕ ಎಣ್ಣಿ ಹೊಡದ ಮರುದಿನ ಕೀಡಿ ಹಿಂಗೇ ಒದ್ದಾಡ್ತಾವ. ಇವಕ್ಕ ಯಾರು ಹೊಡದ್ರು?" ಅಂದರು. ನಾನು ಬೋರ್ಡ್ ಕಡೆ ನೋಡಿದೆ.

ಸೊಳ್ಳೆ ಮಷೀನಿನ ಎಣ್ಣೆಯಲ್ಲಿ, ಕಾಯಿಲ್‌ನಲ್ಲಿ, ಸ್ಪ್ರೇಯಲ್ಲಿ ಸಾಮಾನ್ಯವಾಗಿ ಇರೋದು ಪೈರೆಥ್ರಾಯ್ಡ್ ಜಾತಿಯ ವಿಷ. ಹುಳದ ನರಕ್ಕೆ ಹೊಡೆಯುತ್ತದೆ. ಶ್ರಿಂಪ್ ಕೂಡ ಆ ಸಂಬಂಧದ್ದೇ. ಏರ್ ಪಂಪ್ ಮಾಡೋದೇನು? ಕೋಣೆಯ ಗಾಳಿ ಎಳೆದು ನೀರಿಗೆ ಗುಳುಗುಳು ಬಿಡೋದು. ಬೇಸಿಗೆಯಲ್ಲಿ ಜೀವ ಉಳಿಸಿದ ಪಂಪೇ ರಾತ್ರಿಯೆಲ್ಲ ವಿಷ ತುಂಬಿಸಿತು.

ನೀರನ್ನು ಲ್ಯಾಬಿಗೆ ಕಳಿಸಿ ನೋಡಿಲ್ಲ. ಆದರೆ ಅದೇ ಟ್ಯಾಂಕಿನ ಬಸವನಹುಳುಗಳು ಏನೂ ಆಗದ ಹಾಗೆ ಗಾಜು ನೆಕ್ಕುತ್ತಿದ್ದವು. ಮೀನಿನ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ, ಶ್ರಿಂಪ್‌ಗೆ ಅದೂ ವಿಷವೇ. ಆದರೆ ತಾಮ್ರವಾಗಿದ್ದರೆ ಬಸವನಹುಳುಗಳೂ ಸಾಯಬೇಕಿತ್ತು. ಪೈರೆಥ್ರಾಯ್ಡ್‌ಗೆ ಅವು ಅಷ್ಟಾಗಿ ಜಗ್ಗಲ್ಲ. ಹಾಗಾಗಿ ನನಗೆ ಅನುಮಾನ ಉಳಿದಿಲ್ಲ.

ಪಂಪ್ ಬಂದ್ ಮಾಡಿ, ಮಷೀನ್ ಕಿತ್ತು, ಕಿಟಕಿ ತೆಗೆದೆ. ಹಿಡಿದಿಟ್ಟಿದ್ದ ನೀರಿನಿಂದ ಅರ್ಧ ಬದಲಿಸಿ, ವಿಷ ಹೀರಿಕೊಳ್ಳೋ ಇದ್ದಿಲು, ಅಂದ್ರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಪಂಪನ್ನು ಹಾಲ್‌ಗೆ ಒಯ್ದು ಅಲ್ಲಿಂದ ಉದ್ದ ಪೈಪ್ ಎಳೆದೆ. ಅಷ್ಟರಲ್ಲಿ ತಡವಾಗಿತ್ತು. ಸ್ಪ್ರೇ ಡಬ್ಬಿಯ ಮೇಲೆ ಮೀನಿನ ತೊಟ್ಟಿ ಮುಚ್ಚಿ ಅಂತ ಇರುವೆ ಅಕ್ಷರದಲ್ಲಿ ಬರೆದಿತ್ತು. ಓದಿದ್ದು ಆಮೇಲೆ.

ಈಗ ನಾವು ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತೇವೆ. ಸೊಳ್ಳೆ ಕ್ರೀಮ್ ಹಚ್ಚಿದ ಕೈ ನೀರಿಗೆ ಹಾಕಲ್ಲ. ನಾಯಿಗೆ ಉಣ್ಣಿ ಹುಳದ ಔಷಧಿ ಹಚ್ಚಿದ ದಿನವೂ ಅಷ್ಟೇ. ಹೊಸ ಗಿಡ ತಂದರೆ ಎರಡು ವಾರ ಬೇರೆ ಬಕೆಟ್‌ನಲ್ಲಿಟ್ಟು ನೀರು ಬದಲಿಸ್ತಾ ಇರ್ತೀನಿ, ನರ್ಸರಿಯವರು ಏನು ಹೊಡೆದಿರ್ತಾರೋ ಯಾರಿಗೆ ಗೊತ್ತು. ಹೊಲಕ್ಕೆ ಹೊಡೆಯೋ ಎಣ್ಣೆ (ಕೀಟನಾಶಕ) ಕಲಸಿದ ಬಕೆಟ್ ಮನೆಯಲ್ಲಿದ್ದರೆ, ಎಷ್ಟೇ ತೊಳೆದಿರಲಿ, ಟ್ಯಾಂಕ್ ಹತ್ತಿರ ತರಲೇಬೇಡಿ.

ಉಳಿದದ್ದು ನಾಲ್ಕು. ನಾಲ್ಕೂ ಮಾಸಲು ಬಣ್ಣದವು, ಗಂಡೇ ಇರಬೇಕು. ಹೆಣ್ಣು ತರಿಸೋಣ ಅಂದರೆ ಚಳಿ ಬೀಳೋ ತನಕ ಕಾಯಬೇಕು. ಈ ಸೆಖೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಪಾರ್ಸಲ್ ಹಾಕಿಸಿದರೆ ಬೆಂದೇ ಬಂದಾವು.