ಸೆಮೂರ್ ಡಂಕನ್ ಜೆಬಿ–ಜಾಝ್ ಜೋಡಿ: ಯಾವ ಗಿಟಾರ್‌ಗೆ ಒಗ್ಗುತ್ತದೆ, ಯಾವುದಕ್ಕೆ ಬೇಡ

ಎಲೆಕ್ಟ್ರಿಕ್ ಗಿಟಾರ್‌ನ ಹಂಬಕರ್ (ಎರಡು ಕಾಯಿಲ್‌ನ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ಬದಲಿಸಬೇಕು ಎಂದವರಿಗೆ ಮೊದಲು ಸಿಗುವ ಸಲಹೆ ಇದೇ: ಬ್ರಿಜ್‌ಗೆ (ತಂತಿಗಳು ಒಡಲಿಗೆ ಕೂರುವ ಕಡೆ) ಸೆಮೂರ್ ಡಂಕನ್ ಕಂಪನಿಯ ಜೆಬಿ, ನೆಕ್‌ಗೆ (ಕತ್ತಿನ ಕಡೆ) ಅದರದೇ ಜಾಝ್. ಸಲಹೆ ಒಳ್ಳೆಯದೇ, ಆದರೆ ಗಿಟಾರ್ ಯಾವುದೆಂದು ಕೇಳದೆ ಕೊಡುವಂಥದ್ದಲ್ಲ. ಲೆಸ್ ಪಾಲ್‌ನಲ್ಲಿ ತುಂಬಿ ಹಾಡುವ ಜೆಬಿ ಬೇರೊಂದು ಗಿಟಾರ್‌ನಲ್ಲಿ ಕಿವಿ ಚುಚ್ಚುತ್ತದೆ.

ಎರಡರಲ್ಲೂ ಇರುವುದು ಅಲ್ನಿಕೋ 5 ಮ್ಯಾಗ್ನೆಟ್. ಮಲ್ಟಿಮೀಟರ್ ಇಟ್ಟರೆ ಜೆಬಿ ಸುಮಾರು 16.4 ಕಿಲೋ ಓಮ್, ನೆಕ್‌ನ ಜಾಝ್ ಸುಮಾರು 7.7 ತೋರಿಸುತ್ತದೆ. ಈ ಅಂಕಿ ನೋಡಿ ಜೆಬಿ ಎರಡು ಪಟ್ಟು ಜೋರು ಎಂದುಕೊಳ್ಳಬೇಡಿ. ಹಳೆಯ ಗಿಬ್ಸನ್ ಪಿಎಎಫ್ ಹಂಬಕರ್‌ಗಳಲ್ಲಿ 42 ಗೇಜ್ ತಂತಿ ಸುತ್ತಿದ್ದರೆ ಜೆಬಿಯಲ್ಲಿ ಅದಕ್ಕಿಂತ ತೆಳುವಾದ 44 ಗೇಜ್ ಇದೆ. ತಂತಿ ತೆಳುವಾದಷ್ಟೂ ಓಮ್ ಏರುತ್ತದೆ. ಜೆಬಿಯ ನಿಜವಾದ ಗುರುತು ಮೇಲಿನ ಮಿಡ್‌ನಲ್ಲಿರುವ (ನಡು ಸ್ವರಗಳ ಮೇಲ್ಭಾಗದ) ಉಬ್ಬು. ಸೋಲೋ ನುಡಿಸುವಾಗ ನೋಟ್ ಮುಂದೆ ಬಂದು ನಿಲ್ಲುವುದು ಅದರಿಂದಲೇ, ತಪ್ಪು ಗಿಟಾರ್‌ನಲ್ಲಿ ಮೂಗಿನಿಂದ ಬಂದಂತೆ ಕೇಳುವುದೂ ಅದರಿಂದಲೇ.

ಲೆಸ್ ಪಾಲ್‌ಗೆ ಈ ಜೋಡಿ ಕಣ್ಣುಮುಚ್ಚಿ ಹಾಕಬಹುದು. ದಪ್ಪ ಮಹಾಗನಿ ಒಡಲಿನ ತಗ್ಗು ಸ್ವರ ಜೆಬಿಯ ಚೂಪನ್ನು ತಡೆದುಕೊಳ್ಳುತ್ತದೆ. ನೆಕ್‌ನಲ್ಲಿ ಬಾಸ್ ಗುಮ್ಮೆನ್ನುವುದು ಈ ಗಿಟಾರ್‌ನ ಹಳೆಯ ತೊಂದರೆ, ಜಾಝ್ ಅದನ್ನು ಚೆನ್ನಾಗಿ ತಿಳಿಗೊಳಿಸುತ್ತದೆ. ಪಿಕಪ್ ಕೊಳ್ಳುವ ಮೊದಲು ಹಿಂದಿನ ಮುಚ್ಚಳ ತೆಗೆದು ಪಾಟ್ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ನಿಯಂತ್ರಕ) ಮೇಲಿನ ಬರಹ ಓದಿ. ಕೆಲವು ಕಾಲದ ಗಿಬ್ಸನ್‌ಗಳಲ್ಲಿ ವಾಲ್ಯೂಮ್ ಪಾಟ್ 300ಕೆ (ಕಿಲೋ ಓಮ್) ಇರುತ್ತದೆ. ಅದನ್ನು 500ಕೆಗೆ ಬದಲಿಸಿದರೇ ಎಷ್ಟೋ ಗಿಟಾರ್‌ಗಳ ಮಬ್ಬು ಹೋಗುತ್ತದೆ, ಪಿಕಪ್ ಹಾಗೇ ಉಳಿಸಿಕೊಳ್ಳಬಹುದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 470ಕೆ ಸಿಕ್ಕರೂ ನಡೆಯುತ್ತದೆ. ಪಾಟ್‌ಗಳ ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಸಹಜ. ಟೋನ್‌ಗೆ 0.022 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸಾಕು. ಲೆಸ್ ಪಾಲ್‌ನ ಮರ ದಪ್ಪ, ಆದ್ದರಿಂದ ಉದ್ದ ಶಾಫ್ಟ್‌ನ ಪಾಟ್ ಬೇಕು. ಏಷ್ಯಾದಲ್ಲಿ ತಯಾರಾದ ಅಗ್ಗದ ಮಾದರಿಗಳಲ್ಲಿ ಪಾಟ್ ತೂತು ಸಾಮಾನ್ಯವಾಗಿ 8 ಮಿ.ಮೀ., ಸಿಟಿಎಸ್ ಕಂಪನಿಯ ಪಾಟ್‌ಗೆ 9.5 ಬೇಕು. ಕೈಯಿಂದ ತಿರುಗಿಸುವ ರೀಮರ್‌ನಲ್ಲಿ ನಿಧಾನವಾಗಿ ಹಿಗ್ಗಿಸಿ. ಡ್ರಿಲ್ ಹಾಕಿದರೆ ಪಾಲಿಶ್ ಚಕ್ಕೆ ಏಳುತ್ತದೆ. ಹಳೆಯ ನಾಬ್‌ಗಳೂ ಹೊಸ ಶಾಫ್ಟ್‌ಗೆ ಕೂರದೇ ಇರಬಹುದು.

ಗಿಬ್ಸನ್ ಎಸ್‌ಜಿಗೆ ಜೆಬಿ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಆ ತೆಳು ಒಡಲಿನಲ್ಲಿ ಮಿಡ್ ಮೊದಲೇ ಮುಂದಿದೆ. ಜೆಬಿ ಅದನ್ನೇ ಮತ್ತೆ ಎತ್ತುತ್ತದೆ. ಅಲ್ಲಿಗೆ ಡಂಕನ್‌ನದೇ ’59 ಪಿಕಪ್‌ಗಳ ಜೋಡಿ ಹಾಕಿ. ಗೇನ್ ಹೆಚ್ಚು ಬೇಕಿದ್ದರೆ ಬ್ರಿಜ್‌ಗೆ ಸೆರಾಮಿಕ್ ಮ್ಯಾಗ್ನೆಟ್‌ನ ಎಸ್‌ಎಚ್-5 ಕಸ್ಟಮ್ ಸರಿ. ತಂತಿಗಳನ್ನು ಡ್ರಾಪ್ ಸಿ ಎಂಬ ತಗ್ಗು ಶ್ರುತಿಗೆ ಇಳಿಸಿ ಮೆಟಲ್ ನುಡಿಸುವವರಿಗೂ ಕಸ್ಟಮ್ ಮೇಲು, ಏಕೆಂದರೆ ಅಷ್ಟು ತಗ್ಗಿನಲ್ಲಿ ಜೆಬಿಯ ಬಾಸ್ ಸಡಿಲವಾಗುತ್ತದೆ.

ಸ್ಟ್ರಾಟ್ ಮಾದರಿಯ ಎಚ್‌ಎಸ್‌ಎಸ್ (ಬ್ರಿಜ್‌ನಲ್ಲಿ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್) ಗಿಟಾರ್‌ಗೆ, ಫ್ಲಾಯ್ಡ್ ರೋಸ್ ಮಾದರಿಯ ಟ್ರೆಮೊಲೊ ಬ್ರಿಜ್ ಇರುವ ಇಬಾನೆಝ್ ಆರ್‌ಜಿಗೆ ಎಸ್‌ಎಚ್-4 (ಮಾಮೂಲಿ ಜೆಬಿ) ಬದಲು ಟಿಬಿ-4 (ಟ್ರೆಂಬಕರ್ ಜೆಬಿ) ತರಿಸಿ. ಸುತ್ತು ಒಂದೇ, ಪೋಲ್‌ಗಳ (ಪ್ರತಿ ತಂತಿಯ ಕೆಳಗಿನ ಲೋಹದ ತುಣುಕು) ಅಂತರ ಬೇರೆ: ಮೊದಲನೆಯದರಲ್ಲಿ ಆರನೇ ತಂತಿಯಿಂದ ಒಂದನೆಯದಕ್ಕೆ ಸುಮಾರು 49 ಮಿ.ಮೀ., ಟ್ರೆಂಬಕರ್‌ನಲ್ಲಿ ಸುಮಾರು 52.5. ಸ್ಟ್ರಾಟ್‌ನಲ್ಲಿ ಜೆಬಿ ಚುಚ್ಚುತ್ತದೆ ಎಂಬ ದೂರಿಗೆ ಸುಲಭದ ಮದ್ದು 250ಕೆ ವಾಲ್ಯೂಮ್ ಪಾಟ್. ಅದು ಎತ್ತರದ ಸ್ವರಗಳನ್ನು ಸ್ವಲ್ಪ ಗ್ರೌಂಡ್‌ಗೆ ಹರಿಸಿ ಆ ಉಬ್ಬನ್ನು ತಗ್ಗಿಸುತ್ತದೆ, ಪಕ್ಕದ ಸಿಂಗಲ್ ಕಾಯಿಲ್‌ಗಳಿಗೂ ಅದೇ ಸರಿಯಾದ ಅಳತೆ. ಇಬಾನೆಝ್‌ನಲ್ಲಿ ಪಿಕಪ್ ನೇರವಾಗಿ ಮರಕ್ಕೆ ಕೂರುವ ಮಾದರಿಯಾದರೆ ಕೆಳಗೆ ಗಟ್ಟಿ ಫೋಮ್ ಇಡಿ, ಇಲ್ಲವಾದರೆ ಎತ್ತರ ನಿಲ್ಲುವುದಿಲ್ಲ.

ಇಎಸ್-335ನಂಥ ಸೆಮಿ ಹಾಲೋ (ಅರೆ ಟೊಳ್ಳು ಒಡಲಿನ) ಗಿಟಾರ್‌ಗೆ ’59 ಅಥವಾ ಸೆತ್ ಲವರ್. ಎರಡನೆಯದರ ಕಾಯಿಲ್‌ಗೆ ಮೇಣ ಹಾಕಿಲ್ಲ, ಆದ್ದರಿಂದ ಆಂಪ್ ಜೋರಾದರೆ ಕೀಚಲಿಡುತ್ತದೆ. ಎಫ್ ರಂಧ್ರದ ಮೂಲಕವೇ ಎಲ್ಲ ಪಾಟ್ ಹೊರತೆಗೆಯಬೇಕಾದ್ದರಿಂದ ಪ್ರತಿ ಶಾಫ್ಟ್‌ಗೂ ದಾರ ಕಟ್ಟಿಯೇ ಕೆಳಗಿಳಿಸಿ.

ವೈರಿಂಗ್‌ನಲ್ಲಿ ಹೆಚ್ಚು ಜನ ಎಡವುವುದು ಬಣ್ಣಗಳಲ್ಲಿ. ಡಂಕನ್‌ನಲ್ಲಿ ಕಪ್ಪು ಹಾಟ್, ಅಂದರೆ ಸಿಗ್ನಲ್ ಒಯ್ಯುವ ತಂತಿ. ಕೆಂಪು–ಬಿಳಿ ಒಟ್ಟಿಗೆ ಬೆಸುಗೆ ಹಾಕಿ ಸ್ಲೀವ್ ತೊಡಿಸಬೇಕು. ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಇನ್ನೊಂದು ಪಿಕಪ್ ಕಂಪನಿ ಡಿಮಾರ್ಝಿಯೋದಲ್ಲಿ ಕೆಂಪು ಹಾಟ್, ಕಪ್ಪು–ಬಿಳಿ ಜೋಡಿ, ಹಸಿರು ಮತ್ತು ಬರಿ ತಂತಿ ಗ್ರೌಂಡ್. ಒಂದರ ನಕ್ಷೆ ನೋಡಿ ಇನ್ನೊಂದಕ್ಕೆ ಬೆಸುಗೆ ಹಾಕಿದರೆ ಒಂದೇ ಕಾಯಿಲ್ ನುಡಿಯಬಹುದು, ಇಲ್ಲವೇ ಎರಡು ಕಾಯಿಲ್ ಒಂದನ್ನೊಂದು ಅಳಿಸಿ ಸದ್ದು ತೆಳುವಾಗಬಹುದು. ಎರಡು ಕಂಪನಿಗಳ ಪಿಕಪ್ ಬೆರೆಸಿದಾಗ ನಡು ಸ್ಥಾನದಲ್ಲಿ ಸದ್ದು ತೆಳುವಾಗಿ ಟೊಳ್ಳಾದರೆ ಫೇಸ್ ತಿರುವುಮುರುವಾಗಿದೆ (ಎರಡರ ಅಲೆ ವಿರುದ್ಧ ದಿಕ್ಕಿಗಿದೆ) ಎಂದರ್ಥ. ಬೆಸುಗೆಗೆ ಮುಂಚೆಯೇ ಇದನ್ನು ಪರೀಕ್ಷಿಸಬಹುದು: ಮೀಟರ್ 20ಕೆಗೆ ಇಟ್ಟು ಹಾಟ್‌ಗೆ ಕೆಂಪು ಪ್ರೋಬ್, ಗ್ರೌಂಡ್‌ಗೆ ಕಪ್ಪು ಹಿಡಿದು ಪೋಲ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಥಟ್ಟನೆ ಎತ್ತಿ. ಅಂಕಿ ಏರುತ್ತದೋ ಇಳಿಯುತ್ತದೋ ನೋಡಿ. ಎರಡೂ ಪಿಕಪ್‌ನಲ್ಲಿ ಒಂದೇ ದಿಕ್ಕಿಗೆ ಹೋಗಬೇಕು. ಬೇರೆಯಾದರೆ ಡಂಕನ್‌ನ ಕಪ್ಪು–ಹಸಿರು ಅದಲುಬದಲು ಮಾಡಿ, ಬರಿ ತಂತಿ ಗ್ರೌಂಡ್‌ನಲ್ಲೇ ಇರಲಿ.

ಪುಶ್-ಪುಲ್ ಪಾಟ್‌ನಿಂದ ಕಾಯಿಲ್ ಸ್ಪ್ಲಿಟ್ (ಎರಡರಲ್ಲಿ ಒಂದೇ ಕಾಯಿಲ್ ನುಡಿಸುವುದು) ಮಾಡುವುದಾದರೆ ಕೆಂಪು–ಬಿಳಿ ಜೋಡಿ ಎಳೆದಾಗ ಗ್ರೌಂಡ್‌ಗೆ ಸೇರಬೇಕು. ಜೆಬಿಯ ಅರ್ಧ ಕಾಯಿಲ್‌ಗೆ ಒಳ್ಳೆಯ ಬಲವಿದೆ, ಜಾಝ್‌ನದು ಸಪ್ಪೆ. ಎಚ್‌ಎಸ್‌ಎಸ್‌ನಲ್ಲಿ ನಡುವಿನ ಪಿಕಪ್ ಜೊತೆ ಸ್ಪ್ಲಿಟ್ ಮಾಡಿದಾಗ ಗುಂಯ್ ಎನ್ನುವುದು ನಿಲ್ಲದಿದ್ದರೆ ಆ ಜೋಡಿಯನ್ನು ಗ್ರೌಂಡ್ ಬದಲು ಹಾಟ್‌ಗೆ ಸೇರಿಸಿ. ಆಗ ಇನ್ನೊಂದು ಕಾಯಿಲ್ ನುಡಿಯುತ್ತದೆ.

ಎತ್ತರ ಕೊನೆಗೆ. ಬ್ರಿಜ್ ಕಡೆಯ ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಯ ತಳದಿಂದ ಪೋಲ್‌ವರೆಗೆ ಬ್ರಿಜ್‌ನಲ್ಲಿ 1.6 ಮಿ.ಮೀ., ನೆಕ್‌ನಲ್ಲಿ 2.4ರಿಂದ ಶುರುಮಾಡಿ. ಜೆಬಿ ಜೋರೆನಿಸಿದರೆ ಒಂದು ಸಲಕ್ಕೆ ಕಾಲು ಸುತ್ತಿನಂತೆ ಇಳಿಸುತ್ತಾ ಹೋಗಿ. ಜಾಝ್ ಅನ್ನು ತಂತಿಗೆ ತೀರಾ ಹತ್ತಿರ ಎತ್ತಿ ಸರಿದೂಗಿಸಲು ಹೋದರೆ ಆರನೇ ತಂತಿ ಗುಮ್ಮೆನ್ನತೊಡಗುತ್ತದೆ.