ಕೊಡಗಿನ ಮಳೆಗೆ ಯಾವುದು: ಕಸೂತಿಯಾ, ಲಂಬಾಣಿಯಾ, ಕೌದಿಯಾ?

ಮಡಿಕೇರಿಯಲ್ಲಿ ಜೂನ್ ಬಂತೆಂದರೆ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಹಾಗಾಗಿ ಕೈಹೊಲಿಗೆಯ ಬಟ್ಟೆ ಕೊಳ್ಳುವಾಗ ಚೆಂದ ನೋಡಿದರೆ ಸಾಲದು, ಮಳೆಗಾಲದ ಥಂಡಿ ತಾಳಿಕೊಳ್ಳುತ್ತಾ ಅಂತಲೂ ನೋಡಬೇಕು. ನಮ್ಮ ಮನೆಯಲ್ಲಿ ಮೂರನ್ನೂ ಬಳಸಿದ್ದೇವೆ: ಧಾರವಾಡ ಕಸೂತಿಯ ದಿಂಬಿನ ಕವರ್, ಸಂಡೂರು ಲಂಬಾಣಿ ಕಸೂತಿಯ ಕುಶನ್ ಕವರ್, ಹಳೆ ಸೀರೆಗಳ ಕೌದಿ.

ನನ್ನ ಓಟು ಧಾರವಾಡದ ಕಸೂತಿಗೆ. ಕವರ್ ತಿರುಗಿಸಿ ಹಿಂಬದಿ ನೋಡಿ, ಒಂದು ಗಂಟೂ ಸಿಗುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ನಡುವೆ ಜಾಗ ಬಿಡುತ್ತಾ ಮುಂದೆ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್ ಬಂದು ಆ ಜಾಗ ತುಂಬುತ್ತದೆ. ಎರಡೂ ಬದಿ ಒಂದೇ ಥರ. ಮುರಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನಮ್ಮ ಕವರಿನ ಮೇಲಿರುವ ಗೋಪುರವನ್ನು ಗುರುತು ಹಾಕಿಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ಹೊಲಿದಿದ್ದಾರೆ. ಎಂಥ ತಾಳ್ಮೆ ಅಲ್ವಾ! ಹಿಂದೆ ದಾರ ಜೋತಾಡುವುದಿಲ್ಲ, ಜಡಿಮಳೆಯಲ್ಲೂ ಫ್ಯಾನಿನ ಕೆಳಗೆ ಬೇಗ ಒಣಗುತ್ತದೆ. ಮೆಂತೆ ಹೊಲಿಗೆ (ಕ್ರಾಸ್ ಸ್ಟಿಚ್) ಒತ್ತೊತ್ತಾಗಿ ತುಂಬಿದ್ದು ಬೇಡ, ಅದು ದಪ್ಪ. ಕೆಂಪು ದಾರವಿದ್ದರೆ ಮೊದಲು ಒದ್ದೆ ಬಿಳಿ ಕರವಸ್ತ್ರ ಒತ್ತಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಕಣ್ಣಿಗೆ ಹಬ್ಬ ಅಂದರೆ ಲಂಬಾಣಿಯೇ. ಮೋಡ ಕವಿದ ಮಧ್ಯಾಹ್ನ ಲೈಟ್ ಹಾಕಿದರೆ ಅದರಲ್ಲಿ ಹೊಲಿದಿರುವ ಪುಟ್ಟ ಕನ್ನಡಿಗಳೆಲ್ಲ ಮಿನುಗುತ್ತವೆ. ಆದರೆ ಪ್ರತಿ ಕನ್ನಡಿಯ ಸುತ್ತ ದಾರದ ದಪ್ಪ ಕಟ್ಟು ಇದೆ, ಅಲ್ಲಿ ನೀರು ಆರುವುದೇ ಇಲ್ಲ. ಬ್ರಷ್ ಹಾಕಿ ಉಜ್ಜಿದರೆ ದಾರ ಕಿತ್ತು ಬರುತ್ತದೆ. ಕವಡೆ ಬೇರೆ ಕೆನ್ನೆಗೆ ಚುಚ್ಚುತ್ತದೆ. ಇದನ್ನು ಬಾಗಿಲ ತೋರಣವಾಗಿಯೋ ಗೋಡೆಗೋ ತೂಗುಹಾಕಿ, ಸೋಫಾಗೆ ಬೇಡ.

ಧಾರವಾಡ, ಸಂಡೂರು ಎರಡೂ ಕಸೂತಿಗೆ ಜಿಐ ಟ್ಯಾಗ್ ಇದೆ, ಅಂದರೆ ಆ ಊರಿನದೇ ವಿಶಿಷ್ಟ ಕೆಲಸ ಎಂಬ ಸರ್ಕಾರಿ ಮಾನ್ಯತೆ. ಆದರೂ ಅಂಗಡಿಯಲ್ಲಿ ಮೆಷಿನ್ ಹೊಲಿಗೆಯನ್ನೇ ಕೈಕೆಲಸ ಅಂತ ಕೊಟ್ಟುಬಿಡುತ್ತಾರೆ. ಹಿಂಬದಿ ನೋಡದೆ ದುಡ್ಡು ಕೊಡಬೇಡಿ.

ಕೌದಿಯ ಲೆಕ್ಕವೇ ಬೇರೆ. ಪದರದ ಮೇಲೆ ಪದರ, ಉದ್ದಕ್ಕೂ ಸಾದಾ ಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳ ಬಣ್ಣದ ಜೋಡಣೆ ನನಗೆ ತುಂಬಾ ಇಷ್ಟ. ಡಿಸೆಂಬರ್ ಚಳಿಗೆ ಅಂಗಡಿಯ ರಗ್ಗಿಗಿಂತ ಹಿತ. ಮಳೆಗಾಲದಲ್ಲಿ ಮಾತ್ರ ತೊಳೆಯಲೇಬಾರದು, ಒಳಪದರಕ್ಕೆ ಬೂಷ್ಟು ಹಿಡಿಯುತ್ತದೆ. ಕಾಫಿ ಕೊಯ್ಲು ಮುಗಿದು, ಕಾಫಿ ಒಣಗಿಸುವ ಕಣ ಖಾಲಿಯಾದ ಮೇಲೆ, ಕಾಫಿ ಗಿಡ ಹೂ ಬಿಡಿಸುವ ಹೂಮಳೆಗೆ ಮುಂಚೆ ತೊಳೆದು ಅಲ್ಲೇ ಹರವಿ. ಮನೆಯಲ್ಲಿ ವಯಸ್ಸಾದವರಿದ್ದರೆ ಕಸೂತಿಗಿಂತ ಮೊದಲು ಕೌದಿಯನ್ನೇ ತನ್ನಿ.